ಅವಳು ಬರೆಯದ ಕ್ಷಮಾಪಣೆ

"ಇದನ್ನ ಬರೆದಿದ್ದು ನೀವೇನಾ?"

ಮೂಗಿನ ಮುಂದೆ ಚಾಚಿದ ಫೋನನ್ನು ಅವಳು ನೋಡಲಿಲ್ಲ. ಚಾಚಿದವನನ್ನೂ ನೋಡಲಿಲ್ಲ. ತಲೆಗೆ ಹೆಡ್‌ಸೆಟ್ ಇತ್ತು. ಆ ಕಡೆ ಯಾರದೋ ಅಡುಗೆಮನೆಯಲ್ಲಿ ವಾಷಿಂಗ್ ಮೆಷಿನ್ ನೀರು ಕಾರುತ್ತಿತ್ತು. ಅವಳು ಒಂದು ಬೆರಳೆತ್ತಿ, ನಿಲ್ಲಿ ಎಂದು ಸನ್ನೆ ಮಾಡಿದಳು.

"ಮೊದ್ಲು ಪ್ಲಗ್ ತೆಗೀರಿ ಅಜ್ಜಿ. ತೆಗೆದ್ರಾ? ಈಗ ಕೆಳಗಡೆ ಬಲಕ್ಕೆ ಒಂದು ಚಿಕ್ಕ ಮುಚ್ಚಳ ಇದೆ ನೋಡಿ. ಅದರ ಕೆಳಗೆ ಒಂದು ಅಗಲದ ತಟ್ಟೆ ಇಡಿ. ನಿಧಾನವಾಗಿ ಮಾಡಿ, ನಾನೆಲ್ಲೂ ಹೋಗಲ್ಲ, ಇಲ್ಲೇ ಇದ್ದೀನಿ."

ಅಜ್ಜಿಯ ನೀರು ನಿಲ್ಲುವವರೆಗೂ ಅವನು ನಿಂತೇ ಇದ್ದ. ಮುಖ ಮಾತ್ರ ಕೆಂಪಗೆ ಕಾದಿತ್ತು.

"ಹೇಳಿ," ಎಂದಳು ಹೆಡ್‌ಸೆಟ್ ಕೆಳಗಿಳಿಸಿ.

ಅವನು ಫೋನ್ ನೋಡಿಕೊಂಡು ಓದಿದ. "'ಈ ಮೆಷಿನ್ನಿನ ಬಾಗಿಲ ಹಿಡಿಕೆ ಮಾಡಿದ ಪುಣ್ಯಾತ್ಮ ತನ್ನ ಜನ್ಮದಲ್ಲಿ ಒಂದು ಕರ್ಚೀಫನ್ನೂ ಒಗೆದಿರಲಿಕ್ಕಿಲ್ಲ.' ಇದು ನೀವು ಬರೆದಿದ್ದಾ?"

"ಹೌದು. ಯಾಕೆ, ಅವರು ನಿಮಗೆ ಗೊತ್ತಾ?"

"ಆ ಪುಣ್ಯಾತ್ಮ ನಾನೇ."

ಪಕ್ಕದ ಸೀಟಿನಲ್ಲಿ ಕೂರುವ, ಇಡೀ ಗ್ರಾಹಕ ಸೇವಾ ವಿಭಾಗವೇ ಅಕ್ಕ ಎಂದು ಕರೆಯುವ ಹಿರಿಯಳು ನಗು ತಡೆಯಲಾಗದೆ ಮೇಜಿನ ಕೆಳಗೆ ಪೆನ್ನು ಹುಡುಕತೊಡಗಿದಳು.

ಆದರೆ ಅವನು ನಗುವ ಸ್ಥಿತಿಯಲ್ಲಿರಲಿಲ್ಲ.

"ನಮ್ಮಪ್ಪ ಹಾಸಿಗೆ ಹಿಡಿದು ಮಲಗಿದ್ದಷ್ಟು ವರ್ಷ ಅವರ ಬಟ್ಟೆ, ಚಾದರ, ಎಲ್ಲ ಒಗೆದಿದ್ದು ನಾನು. ಕೈಯಲ್ಲಿ. ಕಾಲೇಜಿಗೆ ಹೋಗೋ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ವಾಷಿಂಗ್ ಮೆಷಿನ್ ಮಾಡೋ ಕೆಲಸಕ್ಕೇ ಸೇರ್ಬೇಕು ಅಂತ ನಾನು ಹಠ ಹಿಡಿದಿದ್ದೇ ಅದಕ್ಕೆ. ನನ್ನ ಹಿಡಿಕೆ ಚೆನ್ನಾಗಿಲ್ಲ ಅನ್ನಿ, ಕೇಳ್ತೀನಿ. ಒಗೆದಿಲ್ಲ ಅಂತ ಹೇಳೋಕೆ ನೀವು ಯಾರು?"

ಅವಳು ಅವನ ಕೈಯಿಂದ ಫೋನ್ ತೆಗೆದು ಆ ಸಾಲನ್ನು ಮತ್ತೊಮ್ಮೆ ಓದಿದಳು. ನಾಲಿಗೆ ಉದ್ದ ಎಂದು ಅಮ್ಮ ಸುಮ್ಮನೆ ಹೇಳುತ್ತಿರಲಿಲ್ಲ...

"ಅದು ನಂಗೆ ಗೊತ್ತಿರ್ಲಿಲ್ಲ. ಆ ಮಾತು ತಪ್ಪಾಯ್ತು," ಎಂದಳು. ನಂತರ ತಲೆ ಎತ್ತಿ ನೇರವಾಗಿ ನೋಡಿದಳು. "ಆದ್ರೆ ಬಾಗಿಲು ತೆಗೆಯೋಕೆ ಆಗಲ್ಲ ಅಂದಿದ್ದು ತಪ್ಪಲ್ಲ. ಬೇಕಿದ್ರೆ ಕೂತ್ಕೊಂಡು ಕೇಳಿ."

ಡ್ರಾಯರಿನಿಂದ ಇನ್ನೊಂದು ಹೆಡ್‌ಸೆಟ್ ತೆಗೆದು ಅವನ ಕೈಗಿಟ್ಟಳು.

* * *

ಈ ಬರವಣಿಗೆಯ ಗಾಳಿ ಆ ವಾಷಿಂಗ್ ಮೆಷಿನ್ ಕಂಪನಿಗೆ ಬೀಸಿದ್ದು ಪ್ರಚಾರ ವಿಭಾಗದ ಹೊಸ ಮೇಡಂ ಬಂದ ಮೇಲೆ. ಕ್ಯಾಂಟೀನಿನ ಗೋಡೆಗೆ, ಲಿಫ್ಟಿನ ಒಳಗೆ, ಕೊನೆಗೆ ಕೈ ತೊಳೆಯುವ ಜಾಗದ ಕನ್ನಡಿಗೂ ಪೋಸ್ಟರ್ ಅಂಟಿತು. 'ಮನಬಿಚ್ಚಿ ಬರೆಯಿರಿ. ಕಂಪನಿ ನಿಮ್ಮ ಮಾತಿಗಾಗಿ ಕಾಯುತ್ತಿದೆ.' ಕಂಪನಿಯ ವೆಬ್‌ಸೈಟಿನಲ್ಲಿ ಉದ್ಯೋಗಿಗಳಿಗಾಗಿ ಒಂದು ಬ್ಲಾಗ್ ಶುರುವಾಯಿತು. ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಬರೆದದ್ದನ್ನು ಅವರವರ ಫೇಸ್‌ಬುಕ್ಕಿನಲ್ಲೂ ಹಾಕಬೇಕು. ಹೆಚ್ಚು ಲೈಕ್ ಬಂದವರಿಗೆ ಕಂಪನಿಯ ಮುದ್ರೆಯಿರುವ ಟೀ ಕಪ್.

ಜನ ಬರೆದರು. ಹುಟ್ಟುಹಬ್ಬದ ಕೇಕಿನ ಫೋಟೊ. ಮೇಜಿನ ಮೇಲಿನ ಗಿಡದ ಫೋಟೊ. 'ನನ್ನ ಕಂಪನಿ ನನ್ನ ಕುಟುಂಬ' ಎಂಬ ಒಕ್ಕಣೆ, ಕೆಳಗೆ ಸಾಲಾಗಿ ಕೆಂಪು ಹೃದಯಗಳು. ಬರೆಯದವರಿಗೆ ಸೋಮವಾರದ ಮೀಟಿಂಗಿನಲ್ಲಿ, "ಯಾಕೆ, ಉತ್ಸಾಹ ಇಲ್ವಾ?" ಎಂಬ ಸಿಹಿ ಪ್ರಶ್ನೆ.

ಅವಳಿಗೆ ಉತ್ಸಾಹ ಇರಲಿಲ್ಲ.

ಆದರೆ ಒಂದು ದಿನ ಒಬ್ಬ ಮುದುಕಿ ಫೋನಿನಲ್ಲಿ ಅತ್ತಳು. ಹೊಸ ಮೆಷಿನ್ನಿನ ಬಾಗಿಲು ತೆರೆಯಲು ಕೈಯಲ್ಲಿ ಬಲವಿಲ್ಲ. ಗಂಡನ ಬಟ್ಟೆಯೆಲ್ಲ ಒಳಗೆ ಒದ್ದೆಯಾಗಿ ಕೂತಿದೆ. ಎದುರಿಗಿದ್ದ ಕಂಪ್ಯೂಟರ್ ಪರದೆ ಅವಳಿಗೆ ಹೇಳಿಕೊಟ್ಟ ಉತ್ತರ ಒಂದೇ. 'ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಒತ್ತಿ ಎಳೆಯಿರಿ.' ಅವಳು ಅದನ್ನೇ ಹೇಳಿದಳು. ಮುದುಕಿ ಇನ್ನಷ್ಟು ಅತ್ತಳು.

ಬಿಗಿಯಾಗಿ ಹಿಡಿಯಲಾಗದವರಿಗೆ ಬಿಗಿಯಾಗಿ ಹಿಡಿಯಿರಿ ಎನ್ನುವುದು ಯಾವ ಸೀಮೆಯ ನ್ಯಾಯ?

ಅಂದು ಸಂಜೆ ಮನೆಗೆ ಹೋಗುವ ಮೊದಲು ಅವಳು ಬ್ಲಾಗ್ ತೆರೆದು ಮನಬಿಚ್ಚಿಯೇ ಬರೆದಳು. ಗೋಡೆಯ ತುಂಬ ಹಾಗೆಂದು ತಾನೇ ಅಂಟಿಸಿದ್ದರು!

* * *

ಮಧ್ಯಾಹ್ನವಿಡೀ ಅವನು ಅವಳ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕರೆಗಳನ್ನು ಕೇಳಿದ.

ಒಬ್ಬರು ಸೌಟಿನ ಹಿಡಿಯನ್ನು ಸಂದಿಗೆ ತೂರಿಸಿ ಬಾಗಿಲು ತೆರೆಯುತ್ತಿದ್ದರು. ಇನ್ನೊಬ್ಬರು ಮಹಡಿಯ ಮೇಲಿನ ಹುಡುಗಿ ಆಫೀಸಿನಿಂದ ಬರುವವರೆಗೆ ಕಾಯುತ್ತಿದ್ದರು. ಲಕ್ವ ಹೊಡೆದ ಒಬ್ಬ ಗೃಹಸ್ಥ, "ನಿಮ್ಮ ಮೆಷಿನ್ ನಮ್ಮ ಮನೆಗೆ ಬಂದ ಮೇಲೆ ನಾನು ಇನ್ನೊಬ್ಬರಿಗೆ ಕೈ ಒಡ್ಡೋದು ಒಂದು ಜಾಸ್ತಿ ಆಯ್ತು," ಎಂದ. ಆ ಮಾತು ಕೇಳಿ ಅವನು ಹೆಡ್‌ಸೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡ. ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈಗಳು.

"ನಾನು ಇದೇ ಕೈಯಲ್ಲಿ ಪರೀಕ್ಷೆ ಮಾಡಿದ್ದು," ಎಂದ ಮೆಲ್ಲಗೆ.

"ಅಷ್ಟು ಬಿಗಿ ಯಾಕೆ ಮಾಡಿದ್ರಿ?"

"ಚಿಕ್ಕ ಮಕ್ಕಳು ಬಾಗಿಲು ತೆಗೆದು ಒಳಗೆ ಕೂತ್ಬಿಡ್ತಾರೆ. ಹೊರಗಿಂದ ಮುಚ್ಕೊಂಡ್ರೆ..."

ಅವಳಿಗೆ ಇದು ಹೊಳೆದಿರಲೇ ಇಲ್ಲ. ಅವಳ ಸಿಟ್ಟಿನ ಒಂದು ಮೂಲೆ ತಣ್ಣಗಾಯಿತು.

"ಇದನ್ನೂ ಬರೀಲಾ?" ಎಂದು ಕೇಳಿದಳು. "ನಾನು ನಿಮ್ಮ ಬಗ್ಗೆ ಬರೆದಿದ್ದು ತಪ್ಪು ಅನ್ನೋದನ್ನೂ ಸೇರಿಸಿ?"

ಅವನು ಮೊದಲ ಸಲ ನಕ್ಕ. "ಕರ್ಚೀಫ್ ವಿಷಯ ಸರಿ ಮಾಡಿ, ಅಷ್ಟು ಸಾಕು."

ಎರಡನೆಯ ಬರಹದಲ್ಲಿ ಅವಳು ತನ್ನ ತಪ್ಪು ಒಪ್ಪಿಕೊಂಡಳು. ಮಕ್ಕಳ ವಿಷಯ ಬರೆದಳು. ಮುದುಕರ ಕೈಗೆ ತೆರೆಯುವ, ಮಕ್ಕಳ ಕೈಗೆ ತೆರೆಯದ ಹಿಡಿಕೆ ಹೇಗಿರಬೇಕು ಎಂದು ಓದುಗರನ್ನೇ ಕೇಳಿದಳು. ಉತ್ತರಗಳು ಬಂದವು. ಕೇಕಿನ ಫೋಟೊಗಳ ಕೆಳಗೆ ಎಂದೂ ಬರದಷ್ಟು ಬಂದವು.

ಅವಳು ವಾರಕ್ಕೊಂದು ಬರೆದಳು. ಅವನು ಪ್ರತಿ ಬರಹ ಓದಿ, ಕ್ಯಾಂಟೀನಿನ ಕಿಟಕಿಯ ಪಕ್ಕದ ಮೇಜಿಗೆ ಟೀ ತಂದಿಟ್ಟುಕೊಂಡು ಕಾಯುತ್ತಿದ್ದ, ಜಗಳಕ್ಕೆ. ಜಗಳವಾಡುತ್ತಾಡುತ್ತ ಟೀ ಆರುತ್ತಿತ್ತು. ಮತ್ತೆ ತರುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದೆರಡು ಸ್ಕ್ರೂ ಇರುತ್ತಿದ್ದವು, ಮಾತಿನ ನಡುವೆ ಅವುಗಳನ್ನು ತೆಗೆದು ಮೇಜಿನ ಮೇಲೆ ಉರುಳಿಸುತ್ತಿದ್ದ. ಆ ಸದ್ದು ಯಾವಾಗ ಹಿತವಾಗತೊಡಗಿತೋ ಅವಳಿಗೇ ತಿಳಿಯಲಿಲ್ಲ.

"ಏನೇ, ಈಚೆಗೆ ಎಂಜಿನಿಯರ್ ಜತೆ ಜಗಳ ಇಲ್ದಿದ್ರೆ ನಿಂಗೆ ಮಧ್ಯಾಹ್ನದ ಊಟ ಸೇರಲ್ವಂತೆ?" ಎಂದು ಅಕ್ಕ ಕಾಲೆಳೆದಳು.

"ಹೋಗಕ್ಕ," ಎಂದಳು. ಆದರೆ ಕಿವಿ ಬಿಸಿಯಾಯಿತು.

ಅಂಥದೇ ಒಂದು ಮಧ್ಯಾಹ್ನ ಅವಳು ತನ್ನ ಅಮ್ಮನ ಕೈಗಳ ಬಗ್ಗೆ ಅವನಿಗೆ ಹೇಳಿದಳು. ಬೆರಳ ಗಂಟುಗಳು ಊದಿಕೊಂಡಿವೆ. ಲೋಟವನ್ನೂ ಎರಡು ಕೈಯಲ್ಲಿ ಹಿಡಿಯಬೇಕು. ಉದ್ಯೋಗಿಗಳ ರಿಯಾಯಿತಿಯಲ್ಲಿ ಅವಳು ಹೆಮ್ಮೆಯಿಂದ ಮನೆಗೆ ತಂದ ಇದೇ ಮೆಷಿನ್ನಿನ ಮುಂದೆ ಅಮ್ಮ ಒಂದು ದಿನ ಬಾಗಿಲು ತೆರೆಯಲಾಗದೆ ಸುಮ್ಮನೆ ಕೂತಿದ್ದಳು.

"ಒಂದು ಕಾಲಕ್ಕೆ ಹೊಲಿಗೆ ಕಲಿಸ್ತಿದ್ದೋಳು ನಮ್ಮಮ್ಮ. ಆ ಕೈ ಹೀಗಾಗಿದೆ ಅಂತ ಯಾರಿಗೂ ಗೊತ್ತಾಗ್ಬಾರ್ದು ಅವಳಿಗೆ. ನೆಂಟರ ಮುಂದೆ ಕೈನ ಶಾಲಿನ ಒಳಗೆ ಇಟ್ಕೊಂಡಿರ್ತಾಳೆ. ಬ್ಲಾಗಲ್ಲಿ ಬರೀಬೇಡ ಅಂತ ಆಣೆ ಹಾಕ್ಸಿದ್ದಾಳೆ. ನಿಮಗೆ ಮಾತ್ರ ಹೇಳಿದ್ದು."

"ಸರಿ," ಎಂದ ಅವನು. ಮೇಜಿನ ಮೇಲಿನ ಸ್ಕ್ರೂ ನಿಂತಿತ್ತು.

* * *

ಅವಳ ಬರಹಗಳು ಕಂಪನಿಯ ಗೋಡೆ ದಾಟಿದವು. ಯಾರೋ ಹಂಚಿದರು, ಇನ್ನಾರೋ ಹಂಚಿದರು. ಅಂಗಡಿಗೆ ಬಂದ ಗಿರಾಕಿಗಳು ಬಾಗಿಲ ಹಿಡಿಕೆ ಎಳೆದು ನೋಡಿ, ಮುಖ ಸಿಂಡರಿಸಿ, ಪಕ್ಕದ ಕಂಪನಿಯ ಮೆಷಿನ್ನಿನ ಕಡೆ ಹೋದರು. ಅಂಗಡಿಯವರು ಕಂಪನಿಗೆ ಫೋನ್ ಮಾಡಿದರು.

ಮನಬಿಚ್ಚಿ ಬರೆಯಿರಿ ಎಂದವರಿಗೆ ಈಗ ಆ ಮನಸ್ಸು ಬೇಡವಾಯಿತು.

ಒಂದು ಬೆಳಗ್ಗೆ ಅವಳು ಸೀಟಿಗೆ ಬಂದು ಬ್ಯಾಗ್ ಇಳಿಸುವ ಮೊದಲೇ ಅಕ್ಕ ತೋಳು ಹಿಡಿದು ಎಳೆದಳು. "ಏನೇ ಇದು? ನೀನು ಬರೆದದ್ದಾ?"

ಪರದೆಯ ಮೇಲೆ ಅವಳದೇ ಪುಟ. ಅವಳದೇ ಫೋಟೊ. ಕೆಳಗೆ ಹೊಸ ಬರಹ.

'ಆತ್ಮೀಯ ಗ್ರಾಹಕರೇ, ನನ್ನ ತಾಯಿ ತೀವ್ರ ಕೀಲುನೋವಿನಿಂದ ಬಳಲುತ್ತಿದ್ದು, ಅವರು ಲೋಟವನ್ನೂ ಹಿಡಿಯಲಾರರು. ಈ ವೈಯಕ್ತಿಕ ನೋವಿನಿಂದ ಭಾವೋದ್ವೇಗಕ್ಕೊಳಗಾಗಿ ನಾನು ಕಂಪನಿಯ ಉತ್ಪನ್ನದ ಬಗ್ಗೆ ಬರೆದುದಕ್ಕೆ ವಿಷಾದಿಸುತ್ತೇನೆ. ಹಿಡಿಕೆಯಲ್ಲಿ ಯಾವುದೇ ದೋಷವಿಲ್ಲ. ನನ್ನ ಕಂಪನಿ ನನ್ನ ಕುಟುಂಬ.'

ಕೊನೆಯಲ್ಲಿ ಒಂದು ಕೆಂಪು ಹೃದಯ.

ಭಾವೋದ್ವೇಗ ಎಂಬ ಪದವನ್ನು ಅವಳು ಹುಟ್ಟಿದಾಗಿನಿಂದ ಬಳಸಿದವಳಲ್ಲ. ಪಾಸ್‌ವರ್ಡ್ ಹಾಕಿ ನೋಡಿದಳು. ಒಳಗೆ ಬಿಡಲಿಲ್ಲ. ಮತ್ತೆ ಹಾಕಿದಳು. ತನ್ನ ಹೆಸರಿನ ಮನೆಗೆ ಬೇರೆ ಯಾರೋ ಬೀಗ ಹಾಕಿದ್ದರು.

ಮೇಡಂ ಕೋಣೆಯ ಬಾಗಿಲನ್ನು ಅವಳು ತಟ್ಟಲಿಲ್ಲ. ತಳ್ಳಿಕೊಂಡೇ ಒಳಗೆ ಹೋದಳು.

"ನಾನು ಬರೀದೇ ಇರೋದು ನನ್ನ ಹೆಸರಲ್ಲಿ ಹೇಗೆ ಬಂತು?"

ಮೇಡಂ ನಗುತ್ತಲೇ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ನಿಮಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು. ಕಂಪನಿ ಯಜಮಾನರು ಸಿಟ್ಟಾಗಿದ್ರು. ನಾನೇ ಸಮಾಧಾನ ಮಾಡಿ, ನಿಮ್ಮ ಕೆಲಸ ಉಳಿಸಿದ್ದೀನಿ."

"ನಾನು ಕೇಳಿದ್ನಾ?"

"ನೋಡಿ, ಬ್ಲಾಗ್ ಕಂಪನಿದು. ಅದರಲ್ಲಿ ಏನಿರ್ಬೇಕು, ಏನಿರ್ಬಾರ್ದು ಅನ್ನೋದು..."

"ಬ್ಲಾಗ್ ನಿಮ್ದು. ಒಪ್ಕೊಂಡೆ. ಹೆಸರು ನಂದು. ನಮ್ಮಮ್ಮ ನಮ್ಮಮ್ಮ. ಅವಳ ಕೈ ಹಿಡಿದು ಬೀದಿಗೆ ಎಳೆಯೋಕೆ ನಿಮಗೆ ಯಾರು ಹೇಳಿದ್ರು?" ತೋರಿಸಿದ ಕುರ್ಚಿಯನ್ನು ಅವಳು ಪಕ್ಕಕ್ಕೆ ತಳ್ಳಿದಳು. "ಬರೀರಿ ಬರೀರಿ ಅಂತ ಬೆನ್ನು ಹತ್ತಿದ್ದು ನೀವು. ನಿಮಗೆ ಬೇಕಾಗಿದ್ದು ನಮ್ಮ ಮಾತಲ್ಲ, ನಿಮ್ಮ ಮಾತು ಆಡೋಕೆ ನಮ್ಮ ಬಾಯಿ."

ಮೇಡಂ ಮುಖದ ನಗು ಹೋಯಿತು. "ಸ್ವಲ್ಪ ದಿನ ರಜೆ ತಗೊಳ್ಳಿ. ಯೋಚನೆ ಮಾಡಿ."

ಹೊರಗೆ ಬಂದಾಗ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಲೋಟದ ವಿಷಯ... ಅದನ್ನು ಹೇಳಿದ್ದು ಒಬ್ಬನಿಗೆ ಮಾತ್ರ.

ಅವನು ಎದುರಿಗೇ ಓಡಿ ಬರುತ್ತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮಮ್ಮನ ವಿಷಯ ಇವರಿಗೆ ಹೇಳಿದ್ದು ನೀವಾ?"

"ಹೌದು. ನಾನೇ ಮೀಟಿಂಗಲ್ಲಿ ಹೇಳ್ದೆ. ಆದ್ರೆ..."

"ಆದ್ರೆ ಏನಿಲ್ಲ." ಅವಳು ಕೈ ಅಡ್ಡ ಹಿಡಿದಳು. "ನಿಮ್ಮ ಹಿಡಿಕೆ ಉಳೀತಲ್ಲ. ಸಂತೋಷವಾಗಿರಿ."

ನನ್ನ ಬಾಯಿಂದಲೇ ಕೇಳಿಸಿಕೊಂಡು, ನನ್ನನ್ನೇ ಮಾರಿದನಲ್ಲ... ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗಿ ಎರಡು ಸಲ ಎಡವಿದಳು. ಅಷ್ಟು ಸಿಟ್ಟು ಬಂದದ್ದು ಮೇಡಂ ಮೇಲಲ್ಲ, ಅವನ ಮೇಲೆ ಎಂಬುದು ಗೊತ್ತಾಗಿ, ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

* * *

ಮನೆಗೆ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಎದುರುಮನೆಯವರು ಫೋನ್ ತಂದು ತೋರಿಸಿ, "ಪಾಪ, ನೀವು ಇಷ್ಟು ಕಷ್ಟಪಡ್ತಿದ್ದೀರಿ ಅಂತ ಗೊತ್ತೇ ಇರ್ಲಿಲ್ಲ," ಎಂದು ಹೇಳಿಹೋಗಿದ್ದರು.

ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕೈಗಳು ಶಾಲಿನ ಒಳಗಿದ್ದವು.

"ನಾನು ಬರೆದಿಲ್ಲಮ್ಮ. ನಿನ್ನಾಣೆ."

"ಗೊತ್ತು ಪುಟ್ಟಿ. ಅದು ನಿನ್ನ ಮಾತಿನ ಹಾಗೇ ಇಲ್ಲ." ಅಮ್ಮ ಮಗಳ ಕಡೆ ತಿರುಗಿದಳು. "ನನ್ನ ಕೈ ನೋವು ನಂಗೆ ಅಭ್ಯಾಸ ಆಗಿದೆ. ಆದ್ರೆ ನೀನು ಹೇಳಿದ್ದು ಸುಳ್ಳು ಅಂತ ತೋರ್ಸೋಕೆ ನನ್ನ ಕೈನ ಸಾಕ್ಷಿ ಮಾಡಿದ್ರಲ್ಲ... ಅದು ತಡ್ಕೊಳ್ಳೋಕಾಗ್ತಿಲ್ಲ."

ಅವಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಶಾಲಿನೊಳಗಿಂದ ಒಂದು ಕೈ ಹೊರಬಂದು ಕೂದಲು ಸವರಿತು.

ಅವನ ಕರೆಗಳು ಬಂದವು. ಎತ್ತಲಿಲ್ಲ. ಆಮೇಲೆ ಬರುವುದೂ ನಿಂತಿತು. ನಿಂತಾಗ ಅದೂ ನೋವಾಯಿತು.

ರಜೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. "ಬ್ಲಾಗ್ ತೆಗಿ. ಈಗಲೇ. ಅಳಿಸಿಬಿಡೋ ಮುಂಚೆ ಓದು."

ಅವನು ಬರೆದಿದ್ದ. ಇಷ್ಟು ದಿನ ಒಂದು ಸಾಲೂ ಬರೆಯದವನು, ತನ್ನ ಫೋಟೊ ಹಾಕಿ, ತನ್ನ ಹುದ್ದೆ ಹಾಕಿ ಬರೆದಿದ್ದ.

'ಈ ಹಿಡಿಕೆಯ ವಿನ್ಯಾಸ ನನ್ನದು. ಅದರಲ್ಲಿ ದೋಷ ಇದೆ. ಬಲವಾದ ಕೈ ಇರುವವರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಮಾಡಿದೆ. ಅದನ್ನು ತೋರಿಸಿಕೊಟ್ಟವರು ನಮ್ಮ ಗ್ರಾಹಕ ಸೇವೆಯ ಸಹೋದ್ಯೋಗಿ. ಅವರ ಪುಟದಲ್ಲಿ ಬಂದಿರುವ ಕ್ಷಮಾಪಣೆ ಅವರು ಬರೆದದ್ದಲ್ಲ. ಅವರನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ, ಅವರು ಹಗೆಯಿಂದ ಬರೆಯುತ್ತಿಲ್ಲ ಎಂದು ತೋರಿಸುವ ಆತುರದಲ್ಲಿ, ಅವರು ನನ್ನನ್ನು ನಂಬಿ ಹೇಳಿದ ಮನೆಯ ಮಾತನ್ನು ನಾನು ಮೀಟಿಂಗಿನಲ್ಲಿ ಆಡಿದೆ. ಅವರನ್ನು ಕೇಳದೆ ಆಡಿದೆ. ಅದು ನನ್ನ ತಪ್ಪು. ಅದನ್ನು ಎತ್ತಿಕೊಂಡು ಅವರ ಬಾಯಿಗೆ ತುರುಕಿದ್ದು ಕಂಪನಿಯ ತಪ್ಪು. ಮನಬಿಚ್ಚಿ ಬರೆಯಿರಿ ಎಂದಿದ್ದೀರಿ. ಬರೆದಿದ್ದೇನೆ.'

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದಲು ಹೋದಾಗ ಪುಟ ಮಾಯವಾಗಿತ್ತು.

ಆದರೆ ಅಷ್ಟರಲ್ಲಿ ಓದಬೇಕಾದವರೆಲ್ಲ ಓದಿಯಾಗಿತ್ತು. ಅಕ್ಕ ತನ್ನ ಪುಟದಲ್ಲಿ ಒಂದೇ ಸಾಲು ಬರೆದಳು. 'ಆ ಕ್ಷಮಾಪಣೆ ಅವಳದಲ್ಲ.' ಮನೆಮನೆಗೆ ಹೋಗಿ ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಅದನ್ನೇ ಬರೆದರು. ಪ್ಯಾಕಿಂಗ್ ವಿಭಾಗದವರು ಬರೆದರು. ಲೆಕ್ಕಪತ್ರ ವಿಭಾಗದ, ಯಾರೊಂದಿಗೂ ಮಾತಾಡದ ಗುಮಾಸ್ತರೂ ಬರೆದರು. ಪ್ರಚಾರ ವಿಭಾಗ ಒಂದನ್ನು ಅಳಿಸಿದರೆ ಇನ್ನೊಂದು ಎದ್ದಿತು. ಕೊನೆಗೆ ಅಳಿಸುವವರಿಗೇ ಕೈ ಸೋತಿತು.

ಅವಳು ಫೋನನ್ನು ಎದೆಗೊತ್ತಿಕೊಂಡು ಕೂತಳು. ಮಾರಿರಲಿಲ್ಲ ಅವನು... ಕಾಯಲು ಹೋಗಿದ್ದ. ಕೇಳದೆ ಹೋಗಿದ್ದ, ದಡ್ಡ.

* * *

ಯಜಮಾನರು ಮೂವರನ್ನೂ ಕರೆಸಿದರು. ಮೇಡಂ ಒಂದು ಕಡೆ, ಅವನು ಒಂದು ಕಡೆ, ನಡುವೆ ಅವಳು.

"ಆ ಕ್ಷಮಾಪಣೆ ತೆಗೆಸ್ತೀನಿ," ಎಂದರು ಯಜಮಾನರು, ದೊಡ್ಡ ಉಪಕಾರ ಮಾಡುವವರಂತೆ.

"ತೆಗೆದ್ರೆ ಸಾಲದು ಸರ್. ಅದನ್ನ ಕಂಪನಿ ಬರೆದಿದ್ದು ಅಂತ ಕಂಪನಿನೇ ಹೇಳ್ಬೇಕು. ಇನ್ನು ಮುಂದೆ ಯಾರ ಹೆಸರಲ್ಲೂ ಅವರನ್ನ ಕೇಳದೆ ಒಂದಕ್ಷರ ಬರೀಬಾರ್ದು. ಬರೀದೇ ಇರೋರನ್ನ ಯಾಕೆ ಬರೀಲಿಲ್ಲ ಅಂತ ಕೇಳ್ಬಾರ್ದು. ಬರೆದೋರನ್ನ ಯಾಕೆ ಹೀಗೆ ಬರೆದೆ ಅಂತ ಹೆದರಿಸ್ಬಾರ್ದು."

"ಇಷ್ಟೆಲ್ಲ ಷರತ್ತು ಹಾಕಿದ್ರೆ ಬ್ಲಾಗ್ ಯಾಕಮ್ಮ ಬೇಕು?"

"ಇಷ್ಟೂ ಇಲ್ದಿದ್ರೆ ಬ್ಲಾಗ್ ಬೇಡ ಸರ್. ಗೋಡೆ ಮೇಲಿನ ಪೋಸ್ಟರ್ರೇ ಸಾಕು."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಅಂಗಡಿಯವರ ಫೋನು ಬೆಳಗಿನಿಂದ ನಿಂತಿರಲಿಲ್ಲ. ಹಿಡಿಕೆ ಬದಲಿಸಿಕೊಡುವುದು ಯಾವಾಗ ಎಂದಷ್ಟೇ ಎಲ್ಲರೂ ಕೇಳುತ್ತಿದ್ದರು. ಅವರು ಎಲ್ಲಕ್ಕೂ ಒಪ್ಪಿದರು. ಒಂದನ್ನು ಬಿಟ್ಟು.

"ಇವನು ನನ್ನನ್ನ ಒಂದು ಮಾತು ಕೇಳದೆ ಉತ್ಪನ್ನದಲ್ಲಿ ದೋಷ ಇದೆ ಅಂತ ಊರಿಗೆಲ್ಲ ಸಾರಿದ. ಮುಂದಿನ ಮಾಡೆಲ್‌ಗೆ ಇವನನ್ನೇ ಮುಖ್ಯಸ್ಥ ಮಾಡೋದಿತ್ತು, ಇನ್ನು ಮಾಡಲ್ಲ. ಹಿಡಿಕೆ ಸರಿ ಮಾಡ್ಲಿ, ಅಷ್ಟೇ."

"ಅದೆಂಥ ನ್ಯಾಯ ಸರ್? ನಿಜ ಬರೆದಿದ್ದಕ್ಕೆ..."

"ಇರ್ಲಿ ಬಿಡಿ," ಎಂದ ಅವನು. "ಹಿಡಿಕೆ ಸಾಕು ನಂಗೆ."

ಮೇಡಂಗೆ ಏನೂ ಆಗಲಿಲ್ಲ. ಮರುವಾರವೇ ಅವರು ಬೇರೊಂದು ಯೋಜನೆಯ ಪೋಸ್ಟರ್ ಅಂಟಿಸುತ್ತಿದ್ದರು. ಅದನ್ನು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಅದು ಉರಿಯುತ್ತಲೇ ಇರಲಿ ಎಂದು ಬಿಟ್ಟಳು.

ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ಅವನು ಒಂದು ಮಾರು ದೂರ ನಿಂತ.

"ನಿಮ್ಮ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು.

"ಹೋಗೋದೂ ಬೇಡ. ನಿಮ್ಮನ್ನ ಕೇಳ್ಬೇಕಿತ್ತು."

"ಕೇಳ್ಬೇಕಿತ್ತು. ಕ್ಷಮೆ ನನ್ನನ್ನಲ್ಲ, ಅಮ್ಮನ್ನ ಕೇಳಿ. ಭಾನುವಾರ ಮನೇಲಿರ್ತಾಳೆ."

* * *

ಭಾನುವಾರ ಅವನು ಬಂದ. ಹೊಸ್ತಿಲ ಹೊರಗೇ ನಿಂತು ಅಮ್ಮನಿಗೆ ಕೈಮುಗಿದ. "ನಿಮ್ಮ ವಿಷಯ ನಾನು ಹೊರಗೆ ಆಡ್ಬಾರ್ದಿತ್ತು ಅಮ್ಮ. ತಪ್ಪಾಯ್ತು."

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಳಗೆ ಬಾ. ನಿಂತ್ಕೊಂಡು ಕೇಳೋ ಕ್ಷಮೆ ನಂಗೆ ಕೇಳ್ಸಲ್ಲ."

ಕೂತು, ಟೀ ಕುಡಿದು, ಅವನು ಹಿಂಜರಿಯುತ್ತ ಬ್ಯಾಗಿನಿಂದ ಒಂದು ಹೊಸ ಹಿಡಿಕೆ ತೆಗೆದ. "ನೀವು ಒಪ್ಪಿದ್ರೆ ಮಾತ್ರ. ಇದು ನಿಮ್ಮ ಕೈಗೆ ಆಗುತ್ತಾ ನೋಡ್ತೀರಾ? ಬೇಡ ಅಂದ್ರೆ ಹಾಗೇ ತಗೊಂಡು ಹೋಗ್ತೀನಿ. ಯಾರಿಗೂ ಹೇಳಲ್ಲ."

ಅಮ್ಮ ಮಗಳ ಮುಖ ನೋಡಿದಳು. ಆಮೇಲೆ ನಿಧಾನವಾಗಿ ಶಾಲಿನಿಂದ ಕೈ ಹೊರತೆಗೆದಳು. ಹೊರಗಿನವರ ಎದುರಿಗೆ, ಎಷ್ಟೋ ಕಾಲದ ಮೇಲೆ.

ಒತ್ತಿ ನೋಡಿದಳು. "ಇದೂ ಗಟ್ಟಿನೇ ಕಣಪ್ಪ. ಏನು ಓದಿದ್ದೀಯೋ."

ಅವನು ಮರುವಾರ ಇನ್ನೊಂದು ತಂದ. ಅದೂ ಆಗಲಿಲ್ಲ. ಅದರ ಮರುವಾರ ಮತ್ತೊಂದು. ಅಮ್ಮ ಬೈಯುತ್ತಿದ್ದಳು, ಅವನು ಬೈಸಿಕೊಂಡು ಅಳತೆ ತೆಗೆದುಕೊಳ್ಳುತ್ತಿದ್ದ. ಅವಳು ಅಡುಗೆಮನೆಯ ಬಾಗಿಲಿಗೊರಗಿ ಇಬ್ಬರನ್ನೂ ನೋಡುತ್ತಿದ್ದಳು. ಶನಿವಾರ ರಾತ್ರಿಯೇ ಅಮ್ಮ, "ನಾಳೆ ಎಷ್ಟು ಹೊತ್ತಿಗೆ ಬರ್ತಾನಂತೆ?" ಎಂದು ಕೇಳತೊಡಗಿದಳು. ತನಗೂ ಅದೇ ಪ್ರಶ್ನೆ ಇದೆ ಎಂದು ಅವಳು ಹೇಳಲಿಲ್ಲ.

ಸಿಟ್ಟು ಯಾವ ಭಾನುವಾರ ಹೋಯಿತೋ, ಅದೂ ನೆನಪಿಲ್ಲ.

ಕೊನೆಗೊಂದು ದಿನ ಅವನು ತಂದ ಹಿಡಿಕೆಯನ್ನು ಬೆರಳಲ್ಲಿ ಹಿಡಿಯುವ ಅಗತ್ಯವೇ ಇರಲಿಲ್ಲ. ಅಂಗೈ ಅಗಲವಾಗಿ ಇಟ್ಟು ಭಾರ ಬಿಟ್ಟರೆ ಸಾಕು. ಎರಡು ತುದಿಯೂ ಒಟ್ಟಿಗೆ ಒತ್ತಬೇಕಾದ್ದರಿಂದ ಮಗುವಿನ ಪುಟ್ಟ ಕೈಗೆ ಎಟುಕುವಂತಿರಲಿಲ್ಲ. ಅವನು ಅದನ್ನು ಮನೆಯ ಮೆಷಿನ್ನಿಗೆ ಕೂಡಿಸಿದ. ಅಮ್ಮ ಅಂಗೈ ಇಟ್ಟಳು. ಬಾಗಿಲು ಮೆಲ್ಲಗೆ ತೆರೆದುಕೊಂಡಿತು.

ಅಮ್ಮ ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು. ಅವಳ ಕಣ್ಣು ತುಂಬಿದ್ದನ್ನು ಇಬ್ಬರೂ ಕಂಡೂ ಕಾಣದಂತಿದ್ದರು.

"ಹಿಡಿಕೆ ಆಯ್ತು," ಎಂದಳು ಅಮ್ಮ. "ಮುಂದಿನ ಭಾನುವಾರಕ್ಕೆ ಏನು ನೆಪ ಹೇಳ್ತೀಯಪ್ಪ?"

ಅವನು ತಬ್ಬಿಬ್ಬಾದ. ಅವಳು ನಗು ನುಂಗಿಕೊಂಡು, "ಬನ್ನಿ, ಬಸ್‌ಸ್ಟಾಪ್ ತನಕ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು.

ಸಂಜೆಯ ರಸ್ತೆ ಖಾಲಿಯಿತ್ತು. ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಬಸ್‌ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಒಂದು ಬಸ್ಸು ಬಂತು. ಅವನು ಏಳಲಿಲ್ಲ. ಬಸ್ಸು ಹೋಯಿತು.

"ಅದು ನಿಮ್ಮ ಬಸ್ಸಲ್ವಾ?"

"ಹೌದು." ಅವನು ಅಂಗೈಗಳನ್ನು ಉಜ್ಜಿಕೊಂಡ. "ಒಂದು ಮಾತು ಇದೆ. ಕೇಳದೆ ಆಡಿ ಒಂದ್ಸಲ ಕೆಟ್ಟಿದ್ದೀನಿ. ಅದಕ್ಕೆ ಮೊದ್ಲು ಕೇಳ್ತೀನಿ. ಹೇಳ್ಲಾ?"

"ಹೇಳಿ."

"ನೀವು ಬೈದ ದಿನದಿಂದ ನಿಮ್ಮ ದನಿ ಕೇಳದೆ ನಂಗೆ ದಿನ ಮುಗಿಯಲ್ಲ. ನೀವು ಫೋನ್ ಎತ್ತದೇ ಇದ್ದಾಗ, ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಕೂತಿರ್ತಿದ್ದೆ, ರಜೆ ಮುಗಿಸಿ ನೀವು ಬಂದಿದ್ರೆ ಸಿಗ್ತೀರೇನೋ ಅಂತ. ಪ್ರತಿ ಸಲ ಆ ಅಕ್ಕನೇ ಸಿಗ್ತಿದ್ರು. ಬೈದು ಇಡ್ತಿದ್ರು." ಅವನು ನಗಲು ಹೋಗಿ ನಿಲ್ಲಿಸಿದ. "ನಿಮ್ಮ ಜತೆ ಬದುಕ್ಬೇಕು ಅಂತ ಆಸೆ. ನೀವು ಬೇಡ ಅಂದ್ರೂ ಇದನ್ನ ಇನ್ಯಾರ ಹತ್ರನೂ ಆಡಲ್ಲ."

ಅವಳು ಅವನ ಕೈ ಎತ್ತಿ ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು. ಒರಟಾಗಿತ್ತು. ಬೆಚ್ಚಗಿತ್ತು.

"ನೀವು ನೀವು ಅನ್ನೋದನ್ನ ಮೊದ್ಲು ನಿಲ್ಸು," ಎಂದಳು.

"ನಿಲ್ಸಿದೆ," ಎಂದ.

ಇನ್ನೊಂದು ಬಸ್ಸು ಬಂತು. ಕಂಡಕ್ಟರ್ ಇಬ್ಬರನ್ನೂ ನೋಡಿ, ಏನೂ ಕೇಳದೆ ಸೀಟಿ ಊದಿಬಿಟ್ಟ.

"ಬರೀತೀಯಾ ಇದನ್ನ?" ಎಂದು ಕೇಳಿದ ಅವನು ಮೆಲ್ಲಗೆ.

"ಇಲ್ಲ. ಇದು ಯಾರಿಗೂ ಬೇಡ. ನನ್ನ ಹತ್ರನೇ ಇರ್ಲಿ."

"ನಿನ್ನ ಹತ್ರ ಮಾತ್ರನಾ?"

ಅವಳು ಅವನ ಭುಜಕ್ಕೆ ತಲೆಯೊರಗಿಸಿದಳು.

"ನಮ್ಮ ಹತ್ರ."